ಇಂಚು, ಸೆಂಟ್ಸು, ಸರಾಸರಿ

ಹವಾಮಾನ ವಿಜ್ಞಾನ ಓದುತ್ತಿದ್ದೇನೆ ಎಂಬ ಮಾತನ್ನು ಡಿಸೆಂಬರ್, ಜನವರಿ ತಿಂಗಳಲ್ಲಿ ಮಲೆನಾಡಿನ ಕಡೆ ಯಾರೂ ಬಾಯಿಬಿಡಬಾರದು. ಆಗ ಎಲ್ಲರ ಕಣದಲ್ಲೂ ಕಾಫಿ ಒಣಗುತ್ತಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟೀವಿಯಲ್ಲಿ ಒಂದು ಕೆಂಪು ಚಕ್ರ ತಿರುಗಿದರೆ ಸಾಕು, ಮೂಡಿಗೆರೆ ಸೀಮೆಯ ನನ್ನ ನೆಂಟರಿಷ್ಟರೆಲ್ಲ ಒಬ್ಬರಾದ ಮೇಲೊಬ್ಬರು ಫೋನು ಮಾಡುತ್ತಿದ್ದರು.

"ಪುಟ್ಟಿ, ಕಣಕ್ಕೆ ಟಾರ್ಪಾಲ್ ಹಾಕದಾ ಬ್ಯಾಡ್ವಾ?" ಎಂದು ದೊಡ್ಡಮ್ಮ.

"ನಾಳೆ ವಿಷಯ ನಂಗೊತ್ತಿಲ್ಲ ದೊಡ್ಡಮ್ಮ. ನಾವು ನೋಡೋದು ಮೂವತ್ತು ವರ್ಷದ ಸರಾಸರಿ."

"ಮೂವತ್ತು ವರ್ಷದ್ದು ನಿಮ್ಮ ದೊಡ್ಡಪ್ಪನೇ ಹೇಳ್ತಾರಲ್ಲ. ಅದಕ್ಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕಿತ್ತು?"

ದೊಡ್ಡಮ್ಮ ಕೊನೆಗೆ ಪಕ್ಕದ ತೋಟದ ರೈಟರ ಮಂಡಿನೋವು ಹೇಗಿದೆ ಎಂದು ವಿಚಾರಿಸಿಕೊಂಡು ಟಾರ್ಪಾಲು ಹಾಕಿಸಿದರು. ಮಳೆ ಬಂತು. ರೈಟರ ಮಂಡಿಯ ಬಗ್ಗೆ ನನಗೂ ಗೌರವ ಹುಟ್ಟಿತು. ಆದರೆ 2100ನೇ ಇಸವಿಗೆ ಭೂಮಿ ಎಷ್ಟು ಬಿಸಿಯಾದೀತು ಎಂದು ಹೇಳುವ ಹುಡುಗಿಗೆ ನಾಳೆ ಮಧ್ಯಾಹ್ನದ ಮಳೆ ಗೊತ್ತಿಲ್ಲ ಎಂಬುದನ್ನು ನಮ್ಮ ಕಡೆಯವರು ಇವತ್ತಿಗೂ ನಂಬಿಲ್ಲ. ಗೊತ್ತಿದೆ, ಹೇಳುತ್ತಿಲ್ಲ, ಬೆಂಗಳೂರು ಸೇರಿ ಬದಲಾಗಿದ್ದಾಳೆ ಎಂದೇ ಅವರ ತೀರ್ಮಾನ.

ಶಂಕರಘಟ್ಟದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದರ್ಶನಕ್ಕೆ ಬಂದಾಗ ನನ್ನ ಹತ್ತಿರ ಇದ್ದ ದೊಡ್ಡ ಅರ್ಹತೆಯೆಂದರೆ ಮಳೆಯಲ್ಲಿ ನೆನೆದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿದುಕೊಂಡೇ ಒಣಗುವ ಮನೆಯಲ್ಲಿ ಬೆಳೆದವಳು ನಾನು. ನಮ್ಮ ಶಾಲೆಯಲ್ಲಿ ಯಾವ ಮಗು ಯಾವ ಮನೆಯದೆಂದು ಯೂನಿಫಾರ್ಮಿನ ಹೊಗೆವಾಸನೆಯಿಂದಲೇ ಗುರುತು ಹಿಡಿಯಬಹುದಿತ್ತು. ಇಷ್ಟು ಮಳೆ ಕಂಡವಳಿಗೆ ಮಳೆಯ ಬಗ್ಗೆ ಯಾರು ಏನು ಕೇಳಿಯಾರು ಎಂಬ ಧೈರ್ಯದಲ್ಲಿ ಯಶವಂತಪುರದಲ್ಲಿ ಬಸ್ಸಿಳಿದು, "ಟಾಟಾ ಇನ್‌ಸ್ಟಿಟ್ಯೂಟ್" ಎಂದು ಆಟೋ ಹತ್ತಿದೆ. ಪೂರ್ತಿ ಹೆಸರು ಹೇಳಿದರೆ ಆಟೋದವರು ಇನ್ನೊಮ್ಮೆ ಕೇಳುತ್ತಾರೆ.

ಅಲ್ಲಿ 1982ರಲ್ಲಿ ವಾತಾವರಣ ವಿಜ್ಞಾನಕ್ಕೆಂದೇ ಒಂದು ಕೇಂದ್ರ ಶುರುವಾಗಿತ್ತು. ಸಮುದ್ರವನ್ನು ಬಿಟ್ಟು ಗಾಳಿಯನ್ನಷ್ಟೇ ಓದಿದರೆ ಏನೂ ಗಿಟ್ಟುವುದಿಲ್ಲ ಎಂದೋ ಏನೋ, ಮುಂದೆ ಅದರ ಹೆಸರಿಗೆ ಸಾಗರವೂ ಸೇರಿಕೊಂಡಿತು. ಸಂದರ್ಶನದ ಕೋಣೆಯಲ್ಲಿ ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ, ಮೇಜಿನ ಆಚೆ ಸಾಲಾಗಿ ಮೇಷ್ಟ್ರುಗಳು.

"ಮುಂಗಾರು ಯಾಕೆ ಬರುತ್ತದೆ?"

ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ, ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನೀರು ಹೊತ್ತು ನುಗ್ಗುತ್ತದೆ. ಎಂಟನೇ ತರಗತಿಯಿಂದ ಎಂಎಸ್ಸಿವರೆಗೆ ಇದೇ ಉತ್ತರ. ಎಡ್ಮಂಡ್ ಹ್ಯಾಲಿ 1686ರಲ್ಲಿ ಬರೆದದ್ದು. ಧೂಮಕೇತುವಿನ ವಿಷಯದಲ್ಲಿ ಲೆಕ್ಕ ತಪ್ಪದ ಮನುಷ್ಯ, ಗಾಳಿಯ ವಿಷಯದಲ್ಲೂ ನಂಬಬಹುದೆಂದು ಎಲ್ಲರೂ ನಂಬಿಕೊಂಡು ಬಂದಿದ್ದರು.

"ನೆಲ ಅತಿ ಹೆಚ್ಚು ಕಾಯುವುದು ಯಾವ ತಿಂಗಳು?"

"ಮೇ."

"ಮಳೆ ಜೋರಾಗುವುದು?"

"ಜುಲೈ."

"ಬರಗಾಲದ ವರ್ಷ ನೆಲ ಹೆಚ್ಚು ಬಿಸಿಯೋ, ಮಳೆಯಾದ ವರ್ಷವೋ?"

"ಬರಗಾಲದ ವರ್ಷ."

"ಹಾಗಿದ್ದರೆ?"

ಆ "ಹಾಗಿದ್ದರೆ?" ಕೋಣೆಯಲ್ಲಿ ಬಹಳ ಹೊತ್ತು ನಿಂತಿತ್ತು. ಫ್ಯಾನಿನ ಸದ್ದು ಕೇಳುತ್ತಿತ್ತು. ಒಬ್ಬ ಮೇಷ್ಟ್ರು ಬಿಸ್ಕತ್ತು ಮುರಿದದ್ದೂ ಕೇಳಿತು. ಇದೇ ಪ್ರಶ್ನೆಯನ್ನು ಭಾರತದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಸಿಂಪ್ಸನ್ 1921ರಲ್ಲೇ ಎತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಉತ್ತರಕ್ಕೆ ಬಹಳ ಕಾಲ ಕಾಯಬೇಕಾಯಿತು. 1980ರಲ್ಲಿ ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್ ಉಪಗ್ರಹದ ಚಿತ್ರಗಳನ್ನು ದಿನದಿನವೂ ಹಿಡಿದು ನೋಡಿ, ಸಮಭಾಜಕದ ಸುತ್ತ ಸದಾ ಇರುವ ಮೋಡದ ಪಟ್ಟಿಯೇ ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ನಮ್ಮ ತಲೆಯ ಮೇಲೆ ಬಂದು ಕೂರುತ್ತದೆ, ಅದೇ ಮುಂಗಾರು ಎಂದು ತೋರಿಸಿದರು. ಕೂತದ್ದು ಸುಮ್ಮನೆ ಕೂರುವುದೂ ಇಲ್ಲ. ಎರಡು ವಾರಕ್ಕೋ ಆರು ವಾರಕ್ಕೋ ಒಮ್ಮೆ ಸಮುದ್ರದ ಮೇಲೆ ಹೊಸ ಪಟ್ಟಿ ಹುಟ್ಟಿ ಉತ್ತರಕ್ಕೆ ಹತ್ತಿ ಬರುತ್ತಿರುತ್ತದೆ. ನಡುವೆ ಮಳೆ ಕೈಕೊಡುವ ದಿನಗಳಿಗೂ ಹೀಗೊಂದು ಲೆಕ್ಕ ಸಿಕ್ಕಿತು.

ಗಾಡ್ಗೀಳರು ಈ ಸಂಸ್ಥೆಗೆ ಬಂದದ್ದು 1973ರಲ್ಲಿ. ಹಾರ್ವರ್ಡಿನಲ್ಲಿ ಓದಿ ಬಂದವರು ಪಾವಗಡದ ಕಡಲೆಕಾಯಿ ಹೊಲಗಳ ಬದುವಿನ ಮೇಲೆ ನಿಂತು, ಯಾವಾಗ ಬಿತ್ತಿದರೆ ಬರದ ಏಟು ಕಮ್ಮಿ ಎಂಬ ಲೆಕ್ಕವನ್ನು ರೈತರ ಜೊತೆಗೇ ಕೂತು ಮಾಡಿದರು. ಮುಂಗಾರಿನ ವಿಜ್ಞಾನಕ್ಕೆ ಮಳೆಯನ್ನು ನಂಬಿ ಬದುಕುವವರ ಪ್ರಶ್ನೆಯೂ ಬೇಕು ಎಂದು ಹಟ ಹಿಡಿದವರು ಅವರು. ನಮ್ಮ ದೊಡ್ಡಮ್ಮ ಅವರಿಗೆ ಫೋನು ಮಾಡಿದ್ದರೆ ಟಾರ್ಪಾಲಿನ ವಿಷಯಕ್ಕೆ ಸರಿಯಾದ ಉತ್ತರ ಸಿಗುತ್ತಿತ್ತೋ ಏನೋ. 2025ರ ಜುಲೈನಲ್ಲಿ, ಮುಂಗಾರಿನ ನಡುಮಧ್ಯದಲ್ಲೇ, ಅವರು ತೀರಿಕೊಂಡರು.

ಇರಲಿ. ಸೀಟು ಸಿಕ್ಕಿತು. ಆ ಕೋಣೆಯಲ್ಲಿ ಸುಮ್ಮನೆ ನಿಂತದ್ದನ್ನು ಅವರು ಯೋಚನೆ ಎಂದು ತಿಳಿದಿರಬೇಕು.

ಸಂಶೋಧನಾ ಗುಂಪಿಗೆ ಸೇರಿದ ಮೇಲೆ ಮೊದಲು ಗೊತ್ತಾದ ಸಂಗತಿ, ಮಳೆಯನ್ನು ಓದುವವರು ಮಳೆಯಲ್ಲಿ ನೆನೆಯುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಒಳಗೆ ಹೋದರೆ ರಾತ್ರಿ ಮೆಸ್ಸಿನ ಊಟದ ಹೊತ್ತಿಗೆ ಹೊರಗೆ. ರಸ್ತೆ ಒದ್ದೆಯಾಗಿದ್ದರೆ, "ಓ, ಮಳೆ ಬಂದಿತ್ತೇನೋ" ಎನ್ನುತ್ತಿದ್ದೆವು. 1901ರಿಂದ ಈಚೆಗೆ ಭಾರತದ ಮೂಲೆಮೂಲೆಯಲ್ಲಿ ಪ್ರತಿದಿನ ಎಷ್ಟು ಮಳೆ ಬಿತ್ತು ಎಂಬ ಅಂಕಿಗಳು ನಮ್ಮ ಮುಂದೆ ಇರುತ್ತಿದ್ದವು. ಆ ದಿನ ಮಧ್ಯಾಹ್ನ ಮಲ್ಲೇಶ್ವರದಲ್ಲಿ ಕೊಡೆ ಬೇಕಾಯಿತೇ ಎಂಬುದನ್ನು ಮಾತ್ರ ಹಾಲಿನವನ ಹತ್ತಿರ ಕೇಳಬೇಕಿತ್ತು.

ಎರಡನೆಯದು ಹ್ರಸ್ವನಾಮಗಳು. ಐಟಿಸಿಝಡ್, ಎನ್ಸೊ, ಐಒಡಿ, ಎಂಜೆಓ. ಮೊದಲ ತಿಂಗಳು ಗುಂಪಿನ ಸಭೆಯಲ್ಲಿ ಕೂತರೆ ನನಗೆ ಕ್ರಿಯಾಪದಗಳಷ್ಟೇ ಅರ್ಥವಾಗುತ್ತಿದ್ದವು. ಮುಂಗಾರಿನ ವಿಜ್ಞಾನಿಗಳು ನಡೆಸಿದ ಸಮುದ್ರಯಾನಗಳಿಗೂ ಇಂಥದೇ ಹೆಸರು. 1999ರಲ್ಲಿ ಬಂಗಾಳ ಕೊಲ್ಲಿಗೆ ಹೋದದ್ದು ಬಾಬ್‌ಮೆಕ್ಸ್, 2002ರಲ್ಲಿ ಅರಬ್ಬೀ ಸಮುದ್ರಕ್ಕೆ ಹೋದದ್ದು ಆರ್ಮೆಕ್ಸ್, 2016ರಲ್ಲಿ ಮತ್ತೆ ಬಂಗಾಳ ಕೊಲ್ಲಿಗೆ ಬಾಬಲ್. ನಮ್ಮ ಕೋಲ್ಕತ್ತದ ಸೀನಿಯರ್ ಈ ಕೊನೆಯದರಲ್ಲಿ ಸಿಂಧು ಸಾಧನಾ ಹಡಗು ಹತ್ತಿದ್ದ. ನಡು ಮುಂಗಾರಿನ ಕಡಲು. ನೀರಿನ ಉಪ್ಪು, ಉಷ್ಣತೆ ಅಳೆಯುವ ಉಪಕರಣವನ್ನು ಹಗ್ಗದಲ್ಲಿ ಆಳಕ್ಕೆ ಇಳಿಸಿ ಮೇಲೆತ್ತುವುದು, ಮತ್ತೆ ಇಳಿಸುವುದು. ಅನುಭವ ಹೇಗಿತ್ತು ಎಂದರೆ, "ಉಪಕರಣ ಕೆಳಗೆ ಹೋಗುವಾಗ ನನ್ನ ಊಟ ಮೇಲೆ ಬರುತ್ತಿತ್ತು" ಎನ್ನುತ್ತಿದ್ದ. ಅಷ್ಟಾದರೂ ಮೀನಿನ ಮೇಲೆ ಅವನಿಗೆ ಮುನಿಸಿರಲಿಲ್ಲ.

ಗುಂಪಿನಲ್ಲಿ ಇನ್ನೊಬ್ಬಳು ತಿರುವನಂತಪುರದವಳು. ಜೂನ್ 1ಕ್ಕೆ ಮುಂಗಾರು ಮೊದಲು ಕಾಲಿಡುವುದು ತನ್ನ ಮನೆಗೇ ಎಂಬ ಠೀವಿ. ಮೇ ಕೊನೆಯಲ್ಲಿ ಅವಳು ಮಾತಾಡುವ ಧಾಟಿಯೇ ಬದಲಾಗುತ್ತಿತ್ತು, "ಈ ಸಲ ಒಂದೆರಡು ದಿನ ಮುಂಚೆ ಕಳಿಸುತ್ತೇವೆ" ಎನ್ನುವಳು. ಮುಂಗಾರು ಬಂತೆಂದು ಹವಾಮಾನ ಇಲಾಖೆ ಸಾರಬೇಕಾದರೆ ಗೊತ್ತುಮಾಡಿದ 14 ಕೇಂದ್ರಗಳಲ್ಲಿ ನೂರಕ್ಕೆ 60ರಷ್ಟು ಕಡೆಯಾದರೂ ಎರಡು ದಿನ ಸತತವಾಗಿ ಎರಡೂವರೆ ಮಿಲಿಮೀಟರ್ ಮಳೆಯಾಗಬೇಕು, ಗಾಳಿ ಮತ್ತು ಮೋಡದ ಷರತ್ತುಗಳು ಬೇರೆ. ಆ ಹದಿನಾಲ್ಕರಲ್ಲಿ ನಮ್ಮ ಮಂಗಳೂರೂ ಒಂದು. ಇದನ್ನು ಹುಡುಕಿ ತೆಗೆದ ದಿನ ನಾನು ಅವಳಿಗೆ ಕಾಫಿ ಕೊಡಿಸಿದೆ. ಗೆದ್ದವರು ಕೊಡಿಸುವ ಪದ್ಧತಿ ನಮ್ಮಲ್ಲಿ.

ವಿಜಯಪುರದ ಹುಡುಗ ನಮ್ಮಿಬ್ಬರ ಜಗಳ ಕೇಳಿ ನಗುತ್ತಿದ್ದ. "ಏನ್ರೀ ನೀವು, ಆಗುಂಬ್ಯಾಗ ಜುಲೈದಾಗ ಒಂದ್ ವಾರ ಬೀಳೂದು ನಮ್ಮೂರಾಗ ಇಡೀ ವರ್ಷಕ್ಕ ಬೀಳ್ತದ. ಮಳಿ ಬಗ್ಗೆ ಸಂಶೋಧನಾ ಮಾಡೋರು ನೀವಲ್ಲ. ಬರ್ಲಿಕ್ಕಿಲ್ಲ ಅಂತ ದಾರಿ ಕಾಯೋರ್ ನಾವು, ನಾವ್ ಮಾಡ್ಬೇಕು." ಅವನು ಲೆಕ್ಕ ಮಾಡುವಾಗ ದಶಮಾಂಶದ ನಂತರದ ಅಂಕಿಗಳನ್ನು ಎಂದೂ ಕೈಬಿಡುತ್ತಿರಲಿಲ್ಲ. ಮಿಲಿಮೀಟರಿನ ಹತ್ತನೇ ಒಂದು ಪಾಲೂ ಮಳೆಯೇ.

ಶುಕ್ರವಾರದ ಸಭೆಯಲ್ಲಿ ಪ್ರತಿಯೊಬ್ಬರೂ ಆ ವಾರ ಮಾಡಿದ ಒಂದು ಚಿತ್ರ ತೋರಿಸಬೇಕು. ಭೂಪಟದ ಮೇಲೆ ಕಂದು ಬಣ್ಣ ಎಂದರೆ ಮಳೆ ಕಮ್ಮಿ, ಹಸಿರು ಎಂದರೆ ಹೆಚ್ಚು. ಕಾಮನಬಿಲ್ಲಿನ ಎಲ್ಲ ಬಣ್ಣ ಬಳಿದು ತಂದರೆ ನಮ್ಮ ಗೈಡ್ ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಅದೇ ಬೈಗುಳ. ಚಿತ್ರ ಚೆನ್ನಾಗಿದ್ದರೆ ಒಂದೇ ಪ್ರಶ್ನೆ, "ಹಾಗಿದ್ದರೆ?" ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಬಂದ ವರ್ಷ ಮಳೆ ಕಮ್ಮಿ ಎಂದು ಚಿತ್ರ ಹೇಳುತ್ತದೆ. ಹಾಗಿದ್ದರೆ, 1997ರಲ್ಲಿ ಅಷ್ಟು ದೊಡ್ಡ ಎಲ್ ನಿನೊ ಇದ್ದೂ ಮುಂಗಾರು ನೂರಕ್ಕೆ 102 ಯಾಕೆ ಬಂತು? ಅದಕ್ಕಿಂತ ಬಹಳ ಸಣ್ಣ ಎಲ್ ನಿನೊ ಇದ್ದ 2002ರದ್ದು 81ಕ್ಕೆ ಯಾಕೆ ಇಳಿಯಿತು? ಪೆಸಿಫಿಕ್ ಒಂದೇ ಅಲ್ಲ, ನಮ್ಮದೇ ಹಿಂದೂ ಮಹಾಸಾಗರದ ಪೂರ್ವಕ್ಕೆ ಮೋಡ ಹೆಚ್ಚೋ ಪಶ್ಚಿಮಕ್ಕೆ ಹೆಚ್ಚೋ ಎಂಬುದನ್ನೂ ನೋಡಬೇಕು ಎಂದು ಉತ್ತರ ಕೊಟ್ಟವರು ಮತ್ತೆ ಗಾಡ್ಗೀಳರು ಮತ್ತು ಜೊತೆಗಾರರು. ಆ ಉತ್ತರಕ್ಕೂ ಯಾರೋ ಒಬ್ಬರು "ಹಾಗಿದ್ದರೆ?" ಎಂದರು. ಚಹಾ ಆರುತ್ತಿತ್ತು.

ಈ ಕೆಲಸದಲ್ಲಿ ನಮಗಿಂತ ಮುಂಚೆ ತಲೆ ಕೆಡಿಸಿಕೊಂಡವರ ಕಥೆಗಳೇ ನನಗೆ ಪ್ರಬಂಧಕ್ಕಿಂತ ರುಚಿ. 1904ರಿಂದ ಎರಡು ದಶಕ ಭಾರತದ ಹವಾಮಾನ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್ ಗಣಿತದವರು. ಕೇಂಬ್ರಿಜ್‌ನಲ್ಲಿ ಬೂಮರಾಂಗ್ ಎಸೆಯುವ ಹುಚ್ಚಿನಿಂದ ಬೂಮರಾಂಗ್ ವಾಕರ್ ಎಂದೇ ಹೆಸರಾಗಿದ್ದವರು. ಮುಂಗಾರನ್ನು ಮೊದಲೇ ಹೇಳಬೇಕೆಂದು ಇಲ್ಲಿನ ಗುಮಾಸ್ತರನ್ನು ಕೂರಿಸಿ ಲೋಕದ ಎಲ್ಲ ಕಡೆಯ ವಾಯುಭಾರ, ಮಳೆ, ಚಳಿಯ ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕಿಸಿದರು. ಪೆಸಿಫಿಕ್‌ನಲ್ಲಿ ಭಾರ ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ ಎಂಬ ದೊಡ್ಡ ಸತ್ಯ ಸಿಕ್ಕಿತು. ಮುಂಗಾರನ್ನು ಮಾತ್ರ ನೆಚ್ಚುವಂತೆ ಹೇಳಲು ಆಗಲಿಲ್ಲ. ಎಸೆದದ್ದು ಬೇರೆ ಕಡೆಗೆ, ಬಂದು ಬಿದ್ದದ್ದು ಇನ್ನೊಂದು ಕಡೆ. ಬೂಮರಾಂಗ್ ಬಲ್ಲವರಿಗೆ ಇದು ಬೇಸರ ತಂದಿರಲಾರದು.

ಲೂಯಿಸ್ ಫ್ರೈ ರಿಚರ್ಡ್‌ಸನ್ ನನಗೆ ಇನ್ನೂ ಹತ್ತಿರದವರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿಕೊಂಡು, ಬಿಡುವಿನಲ್ಲಿ 1910ರ ಮೇ 20ರ ಹವೆಯನ್ನು ಸಮೀಕರಣಗಳಿಂದ ಲೆಕ್ಕ ಹಾಕಿದರು. ಆರು ಗಂಟೆಯ ಮುನ್ಸೂಚನೆ, ಆಗಲೇ ಕಳೆದುಹೋಗಿದ್ದ ದಿನದ್ದು. ಲೆಕ್ಕಕ್ಕೆ ಹಿಡಿದದ್ದು ಆರು ವಾರ. ಆರು ಗಂಟೆಯಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು, ಆ ದಿನ ಅಲ್ಲಿ ಭಾರ ಅಲುಗಾಡಿದ್ದೇ ಇಲ್ಲವೆನ್ನಬೇಕು. ಹಸ್ತಪ್ರತಿ ಯುದ್ಧದಲ್ಲಿ ಕಳೆದು, ತಿಂಗಳುಗಟ್ಟಲೆ ಆದ ಮೇಲೆ ಬೆಲ್ಜಿಯಮ್‌ನಲ್ಲಿ ಒಂದು ಇದ್ದಿಲ ರಾಶಿಯ ಕೆಳಗೆ ಸಿಕ್ಕಿತು. ರಿಚರ್ಡ್‌ಸನ್ ಅದನ್ನು ಮತ್ತೆ ಅಲ್ಲೇ ತಳ್ಳಲಿಲ್ಲ. ತಪ್ಪು ಉತ್ತರವನ್ನು ಸಾಂಗವಾಗಿ, ಒಂದು ಹೆಜ್ಜೆಯನ್ನೂ ಮುಚ್ಚಿಡದೆ 1922ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಇಂಥ ಲೆಕ್ಕವನ್ನು ಹವೆಯ ಓಟಕ್ಕೆ ಸರಿಸಮವಾಗಿ ಮಾಡಲು 64,000 ಮಂದಿ ಒಂದು ದುಂಡನೆಯ ಸಭಾಂಗಣದಲ್ಲಿ ಕೂತು ಕೂಡಿ ಕಳೆಯಬೇಕು ಎಂದು ಕನಸನ್ನೂ ಬರೆದಿಟ್ಟರು.

ಆ 64,000 ಮಂದಿಯ ಬದಲು ನಮ್ಮ ಕ್ಯಾಂಪಸ್ಸಿನಲ್ಲಿ ಸಹಸ್ರಟಿ ಎಂಬ ಯಂತ್ರ ಕೂತಿತ್ತು. ಸೆಕೆಂಡಿಗೆ ಕೋಟಿ ಕೋಟಿ ಲೆಕ್ಕ. ಸಂಜೆ ಕೆಲಸ ಒಪ್ಪಿಸಿ ಮಲಗಿ ಎದ್ದರೆ ಮಾದರಿಯೊಳಗೆ ವರ್ಷಗಳೇ ಉರುಳಿರುತ್ತಿದ್ದವು. ಕೆಲವು ಸಲ ಉರುಳುವುದಿಲ್ಲ. ಗಾಳಿ ಎಲ್ಲೋ ಒಂದು ಚೌಕದಲ್ಲಿ ಮಿತಿ ಮೀರಿ ಬೀಸಿ, ಮಾದರಿ ಸ್ಫೋಟಿಸಿ, ರಾತ್ರಿ ಹನ್ನೊಂದಕ್ಕೇ ಲೋಕ ನಿಂತುಹೋಗಿರುತ್ತದೆ. ನಾವು ಒಂಬತ್ತಕ್ಕೆ ತಿಂಡಿ ತಿಂದು ಹೋಗಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಮಾದರಿಯೊಳಗೆ ನಮಗಿದ್ದ ಅಧಿಕಾರ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ದುಪ್ಪಟ್ಟು ಮಾಡಬೇಕೇ? ಒಂದು ಅಂಕಿ ತಿದ್ದಿದರಾಯಿತು. ಕಾಡೇ ಇಲ್ಲದಿದ್ದರೆ ಏನಾಗುತ್ತದೆ? ಒಂದು ಸಾಲು ಬರೆದರೆ ಒಂದು ಖಂಡದ ಕಾಡು ಮಾಯ. ಉತ್ತರದ ತಂಪು ದೇಶಗಳ ಕಾಡನ್ನು ಹೀಗೆ ಅಳಿಸಿ ನೋಡಿದ ನಮ್ಮ ಕ್ಯಾಂಪಸ್ಸಿನವರೇ 2015ರಲ್ಲಿ ತೋರಿಸಿದ್ದರು, ಅಲ್ಲಿ ಮರ ಹೋದರೆ ಮಳೆಯ ಪಟ್ಟಿ ದಕ್ಷಿಣಕ್ಕೆ ಜಾರಿ ಇಲ್ಲಿನ ಮುಂಗಾರು ಸೊರಗುತ್ತದೆ. ಮರ ಕಡಿದವರು ಯಾರೋ, ಕೊಡೆ ಮಡಿಸಿಟ್ಟವರು ಇನ್ಯಾರೋ. ಇದನ್ನೆಲ್ಲ ಊರಿಗೆ ಹೋದಾಗ ದೊಡ್ಡಪ್ಪನ ಮುಂದೆ ಹೇಳಿದೆ. ಗಾಳಿಗೆ ಬಿದ್ದ ಒಂದು ಹೊನ್ನೆಮರವನ್ನು ತೋಟದಿಂದ ಸಾಗಿಸಲು ಅಪ್ಪಣೆಗೆ ಅರ್ಜಿ ಹಾಕಿ ಅವರು ಕಾಯುತ್ತಿದ್ದರು. ಬಿದ್ದ ಮರದ ಮೇಲೆ ಆಗಲೇ ಅಣಬೆ ಎದ್ದಿತ್ತು. ಸೈಬೀರಿಯಾದ ಕಾಡು ಒಂದೇ ಸಾಲಿನಲ್ಲಿ ಹೋಯಿತು ಎಂದಾಗ ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. "ಅರ್ಜಿ ಇಲ್ದೆ?" ಎಂದು ಕೇಳಿದರು.

ಆದರೆ ಆ ಲೋಕದಲ್ಲಿ ನಮ್ಮ ಊರಿಲ್ಲ. ಆಗ ನಾವು ಬಳಸುತ್ತಿದ್ದ ಮಾದರಿಯಲ್ಲಿ ಒಂದೊಂದು ಚೌಕ ನೂರು ಕಿಲೋಮೀಟರ್ ಉದ್ದಗಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯೂ, ಸಾವಿರದ ಆಸುಪಾಸಿನ ಶಿವಮೊಗ್ಗವೂ ಒಂದೇ ಚೌಕದೊಳಗೆ ಕೂತುಬಿಡಬಹುದು. ಇಬ್ಬರಿಗೂ ಸೇರಿ ಒಂದು ಸರಾಸರಿ. ಆ ಸರಾಸರಿ ಮಳೆ ಬೀಳುವ ಊರು ಅವೆರಡರಲ್ಲಿ ಯಾವುದೂ ಅಲ್ಲ. ಘಟ್ಟ ಕೂಡ ಅಷ್ಟೇ, ನುಣುಪಾಗಿ ತೀಡಿದ ಒಂದು ದಿಬ್ಬ. ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಬೆಳೆದ ನನಗೆ ಪರದೆಯ ಮೇಲಿನ ಆ ದಿಬ್ಬವನ್ನು ನೋಡಿದರೆ ಸಂಕಟವಾಗುತ್ತಿತ್ತು. ಸರ್ ಹೇಳುತ್ತಿದ್ದರು, "ನಿನ್ನ ಊರಿನ ಮಳೆ ಮರೆತರೆ ಮಾತ್ರ ದೇಶದ ಮಳೆ ಕಾಣುತ್ತದೆ." ಮಾತು ನಿಜ. ಮರೆಯುವ ಕೆಲಸ ನಾನು ದಿನಾ ಮಾಡುತ್ತಿದ್ದೆ. ಪ್ರತಿದಿನದ ಮಳೆಯಿಂದ ಆ ದಿನದ ಸರಾಸರಿಯನ್ನು ಕಳೆ, ಉಳಿದದ್ದನ್ನು ನೋಡು. ಕಳೆಯುವ ಸರಾಸರಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ವಾಡಿಕೆ ಮಳೆ ಒಂದು ಕಾಲಕ್ಕೆ 89 ಸೆಂಟಿಮೀಟರ್ ಇತ್ತು. ಲೆಕ್ಕಕ್ಕೆ ಹಿಡಿಯುವ ಐವತ್ತು ವರ್ಷಗಳು ಮುಂದೆ ಸರಿದಾಗ 88 ಆಯಿತು, 2022ರಲ್ಲಿ 87. ಮೊದಲಾದರೆ ಕೊರತೆ ಎನ್ನಿಸಿಕೊಳ್ಳುತ್ತಿದ್ದ ಮಳೆ ಈಗ ತಲೆಯೆತ್ತಿಕೊಂಡು ವಾಡಿಕೆ ಎನ್ನಿಸಿಕೊಳ್ಳಬಹುದು. ಕಳಕೊಂಡ ಎರಡು ಸೆಂಟಿಮೀಟರ್‌ಗಳಿಗಾಗಿ ಯಾರೂ ಸೂತಕ ಆಚರಿಸಲಿಲ್ಲ. ನಾನು ಆ ದಿನ ಮೆಸ್ಸಿನಲ್ಲಿ ಸಾರು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ, ಅಷ್ಟೆ.

ಪಂಚಾಂಗದ ವಿಷಯ ಇನ್ನೊಂದು. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಮಾದರಿಗಳಲ್ಲಿ ವರ್ಷಕ್ಕೆ 360 ದಿನ. ಎಲ್ಲ ತಿಂಗಳಿಗೂ ಮೂವತ್ತೇ. ಲೆಕ್ಕಕ್ಕೆ ಅನುಕೂಲ. ಅಲ್ಲಿ ಫೆಬ್ರುವರಿ 30 ಉಂಟು, ಆ ದಿನ ಎಲ್ಲೋ ಮಳೆಯೂ ಬಿದ್ದಿರುತ್ತದೆ. ಮಾರ್ಚ್ 31, ಮೇ 31, ಆಗಸ್ಟ್ 31 ಇಲ್ಲ. ನನ್ನ ಶಾಲೆಯ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಆಗಸ್ಟ್ 31ರ ರಾತ್ರಿ. ವಿಜಯಪುರದ ಹುಡುಗ ಅಂದಿನಿಂದ ನನ್ನನ್ನು ಹ್ಯಾಡ್ಲಿಯವರ ಮುಂದೆ ಅಸ್ತಿತ್ವವೇ ಇಲ್ಲದವಳೆಂದು ಪರಿಚಯ ಮಾಡಿಕೊಡುತ್ತಿದ್ದ.

ಇದಕ್ಕೆ ಪರಿಹಾರ ಸಿಕ್ಕಿದ್ದು ದೊಡ್ಡಪ್ಪನ ಡೈರಿಯಲ್ಲಿ.

ನಮ್ಮ ಕಡೆ ತೋಟವಿರುವ ಮನೆಯಲ್ಲಿ ಮಳೆಮಾಪಕ ಇದ್ದೇ ಇರುತ್ತದೆ. ಕಣದ ಪಕ್ಕ, ಮರದ ಹನಿ ಬೀಳದ ಜಾಗದಲ್ಲಿ. ಬೆಳಗ್ಗೆ ಎಂಟು ಗಂಟೆಗೆ ದೊಡ್ಡಪ್ಪ ಕೊಡೆ ಹಿಡಿದು ಹೋಗಿ, ಒಳಗಿನ ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಓದುತ್ತಾರೆ. ನೀರನ್ನು ಚೆಲ್ಲುವ ಮೊದಲು ಅಂಕಿಯನ್ನು ಒಮ್ಮೆ ಜೋರಾಗಿ ಹೇಳುತ್ತಾರೆ, ಯಾರಿಗೆ ಎಂದು ಗೊತ್ತಿಲ್ಲ. ಮಿಲಿಮೀಟರ್ ಅಲ್ಲ. ಇಂಚು, ಮತ್ತೆ ಇಂಚಿನ ನೂರನೇ ಒಂದು ಪಾಲಾದ ಸೆಂಟ್ಸು. ಮಾರ್ಚ್‌ನಲ್ಲಿ ಹೂಮಳೆಯ ಹೊತ್ತಿಗೆ ತೋಟದಿಂದ ತೋಟಕ್ಕೆ ಫೋನು ಹಾರಾಡುತ್ತದೆ: "ನಿಮ್ಮಲ್ಲಿ ಎಷ್ಟಾಯ್ತು?" "ಎಂಬತ್ತು ಸೆಂಟ್ಸು. ನಿಮ್ಮಲ್ಲಿ?" "ಒಂದು ಹತ್ತು." ಒಂದು ಇಂಚು ಹತ್ತು ಸೆಂಟ್ಸು ಎಂದು ಅರ್ಥ. ಹೆಚ್ಚು ಬಂದವರ ದನಿಯಲ್ಲಿ ವಿನಯ ಬಂದುಬಿಡುತ್ತದೆ. ಒಂದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರದಿದ್ದರೆ ಆ ಹೂವೆಲ್ಲ ದಂಡ. ಇವರಿಗೆ ಬೇಕಾದದ್ದು ಸರಾಸರಿಯಲ್ಲ, ಒಂದು ದಿನ. ಬೇಕಾದ ದಿನ.

ದೊಡ್ಡಪ್ಪನ ಡೈರಿಗಳು ಗೊಬ್ಬರದ ಕಂಪನಿಯವರು ಹೊಸ ವರ್ಷಕ್ಕೆ ಹಂಚುವಂಥವು. ಅವರಪ್ಪನ ಕಾಲದ್ದೂ ಸೇರಿ ಒಂದು ಮರದ ಪೆಟ್ಟಿಗೆಯ ತುಂಬ. ಮಳೆಯ ಅಂಕಿ, ಪಕ್ಕದಲ್ಲಿ ಒಂದೆರಡು ಮಾತು. "ಮಿರಗ ಸರಿಯಾಗಿ ಹಿಡಿಯಿತು." "ಆರಿದ್ರೆ ಸುಳ್ಳಾಯಿತು." "ಆಳುಗಳು ಬರಲಿಲ್ಲ." "ಕಂಬಳಿ ಒಣಗಿಲ್ಲ." ಅದರಲ್ಲಿ ನಾನು ಹುಟ್ಟಿದ ವರ್ಷ ತೆಗೆದು ನೋಡಿದೆ. ಆಗಸ್ಟ್ 31ರ ಎದುರು "ಹುಬ್ಬೆ ಶುರು, ಮೋಡ" ಎಂದಿತ್ತು. ಸೆಪ್ಟೆಂಬರ್ 1ರ ಎದುರು: "2 ಇಂಚು 35. ರಾತ್ರಿ ಪೂರ್ತಿ. ಹೆಣ್ಣುಮಗು."

ರಾತ್ರಿ ಬಿದ್ದ ಮಳೆಯನ್ನು ಬೆಳಗ್ಗೆ ಅಳೆಯುವುದು, ಅಳೆದ ದಿನದ ಲೆಕ್ಕಕ್ಕೇ ಬರೆಯುವುದು. ಹವಾಮಾನ ಇಲಾಖೆಯ ಕ್ರಮವೂ ಇದೇ. ಅಲ್ಲಿಯೂ ದಿನ ಮುಗಿಯುವುದು ಬೆಳಗ್ಗೆ ಎಂಟೂವರೆಗೆ. ನಾನೂ ಮಳೆಯ ಜೊತೆಗೇ ಜಮೆಯಾಗಿದ್ದೆ. ಸೆಪ್ಟೆಂಬರ್ 1 ಹ್ಯಾಡ್ಲಿಯವರ ಪಂಚಾಂಗದಲ್ಲೂ ಇದೆ. ಫೋಟೋ ತೆಗೆದು ವಿಜಯಪುರಕ್ಕೆ ಕಳಿಸಿದೆ. "ಒಪ್ಪಿದೆ" ಎಂದು ಉತ್ತರ ಬಂತು, ಜೊತೆಗೇ ಇನ್ನೊಂದು: "ಆ ಡೈರಿಗಳನ್ನ ಇತ್ತ ತರ್ರಿ."

ಅಂಥ ದಿನದಿನದ ದಾಖಲೆಯ ಬೆಲೆ ಏನೆಂದು ಸರ್‌ಗೆ ಹೇಳಬೇಕಾಗಿರಲಿಲ್ಲ. ಒಂದೇ ಜಾಗ, ಒಂದೇ ಮಾಪಕ, ಎರಡು ತಲೆಮಾರಿನ ಕಣ್ಣು. ದೊಡ್ಡಪ್ಪನಿಗೆ ಮಾತ್ರ ಅನುಮಾನ. ಕಂಪ್ಯೂಟರಿಗೆ ಹಾಕುವುದೆಂದರೆ ಏನು ಮಾಡುತ್ತೀರಿ? ಇಂಚನ್ನು ಮಿಲಿಮೀಟರ್ ಮಾಡುತ್ತೇವೆ ಎಂದೆ. ಮುಖ ಸಣ್ಣದಾಯಿತು. ಮೂಲ ಅಂಕಿ ಪಕ್ಕದಲ್ಲೇ ಇರುತ್ತದೆ ಎಂದ ಮೇಲೆ ಸಮಾಧಾನ. ಒಂದೊಂದೇ ಡೈರಿ ತೆಗೆದು ಪುಟ ತಿರುವಿ, ಒಂದು ಜುಲೈನ ಖಾಲಿ ಪುಟಗಳ ಮೇಲೆ ಬೆರಳಿಟ್ಟರು.

"ಇದು ಅಪ್ಪಂಗೆ ಹುಷಾರಿಲ್ದೆ ಮಂಗ್ಳೂರಲ್ಲಿ ಆಸ್ಪತ್ರೆಲಿದ್ದಾಗ. ಮನೇಲಿ ಯಾರೂ ಇರ್ಲಿಲ್ಲ. ಇಲ್ಲಿ ಸೊನ್ನೆ ಹಾಕ್ಬೇಡಿ ಮತ್ತೆ. ಸೊನ್ನೆ ಬೇರೆ, ಅಳೀದೇ ಇದ್ದದ್ದು ಬೇರೆ."

ಸಂಶೋಧನೆಗೆ ಸೇರಿದವರಿಗೆ ಇದನ್ನು ಕಲಿಸಲು ನಮ್ಮಲ್ಲಿ ಒಂದು ಇಡೀ ತರಗತಿ ಇತ್ತು. ಹಾಗೆ ಅಳೆಯದ ದಿನಕ್ಕೆ ನಾವು ಮೈನಸ್ 999 ಎಂದು ಹಾಕುತ್ತೇವೆ ದೊಡ್ಡಪ್ಪ, ಯಂತ್ರ ಅದನ್ನು ನೋಡಿ ಆ ದಿನವನ್ನು ಬಿಟ್ಟು ಮುಂದೆ ಹೋಗುತ್ತದೆ ಎಂದು ವಿವರಿಸಿದೆ. ಯಾವುದೋ ಕಾಲದ ಸೀನಿಯರ್ ಒಬ್ಬ ಯಂತ್ರಕ್ಕೆ ಇದನ್ನು ಹೇಳುವುದು ಮರೆತು, ಮೈನಸ್‌ಗಳನ್ನೂ ಕೂಡಿಸಿಕೊಂಡು, ಇಡೀ ಜಿಲ್ಲೆಗೆ ಸೊನ್ನೆಗಿಂತ ಕಮ್ಮಿ ಮಳೆ ಬಂದ ಭೂಪಟವನ್ನು ಸಭೆಯಲ್ಲಿ ತೋರಿಸಿದ ಕಥೆಯನ್ನೂ ಹೇಳಿದೆ. ನಮ್ಮಲ್ಲಿ ಹೊಸಬರಿಗೆಲ್ಲ ಹೇಳುವ ಕಥೆ ಅದು.

ದೊಡ್ಡಪ್ಪ ನಗಲಿಲ್ಲ. "ಮೈನಸ್ ಮಳೆ ಅಂದ್ರೆ ನೀರು ಕೆಳಗಿಂದ ಮೇಲಕ್ಕೆ ಹೋಗದಾ?" ಎಂದರು.

"ಹೂಂ, ಹಾಗೇ ಆಗುತ್ತೆ ಲೆಕ್ಕ."

"ಅದೇನ್ ತಪ್ಪು? ಏಪ್ರಿಲ್‌ನಲ್ಲಿ ನಮ್ಮ ಕೆರೆ ದಿನಾ ಅದನ್ನೇ ಮಾಡ್ತದಲ್ಲ ಮಾರಾಯ್ತಿ."

ಹೂಮಳೆಗೆ ಮುಂಚೆ ವಾಪಸು ಕೊಡಬೇಕು ಎಂಬ ಕರಾರಿನ ಮೇಲೆ ಡೈರಿಗಳನ್ನು ಕೊಟ್ಟರು. ಹೋದ ವರ್ಷ ಈ ದಿನ ಎಷ್ಟಿತ್ತು ಎಂದು ಯಾರಾದರೂ ಫೋನು ಮಾಡಿದರೆ ಹೇಳಲಿಕ್ಕೆ ಬೇಕಲ್ಲ. ದೊಡ್ಡಮ್ಮ ಪ್ಲಾಸ್ಟಿಕ್ಕು ಸುತ್ತಿ, ಅಕ್ಕಿಚೀಲಕ್ಕೆ ಹಾಕಿ, ಬಾಯಿ ಹೊಲಿದರು. ದೊಡ್ಡಪ್ಪ ಚೀಲದ ಮೇಲೆ ಕರಿ ಪೇಂಟಿನಲ್ಲಿ, ಕಾಫಿಚೀಲಕ್ಕೆ ಮಾರ್ಕು ಹಾಕುವ ಅದೇ ಬ್ರಷ್ಷಿನಲ್ಲಿ ಬರೆದರು: "ಮಳೆ. ನೆನೆಸಬಾರದು." ಮೂಡಿಗೆರೆಯಲ್ಲಿ ಬಸ್ಸಿನ ಕಂಡಕ್ಟರು ಅದನ್ನು ಓದಿದರು, ನನ್ನ ಮುಖ ನೋಡಿದರು, ಚೀಲವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿ, ಅರ್ಧ ಲಗೇಜು ಹರಿದರು.